ದೋಣಿಗೆ ಬಂದ ಎರಡನೆಯ ಸಂಪುಟ

ನನ್ನ ಅಂಗಡಿಗೆ ಬಂದು, “ಓದಿ ನಗುವಂಥ ಪುಸ್ತಕ ಏನಾದರೂ ಉಂಟಾ?” ಎಂದು ಕೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಂಗಡಿ ಇಟ್ಟುಕೊಂಡವಳು ಹೀಗೆ ಹೇಳಬಾರದು, ಗೊತ್ತಿದೆ. ಆದರೆ ಹಾಗೆ ಕೇಳಿದವರಿಗೆ ನಾನು ಕಪಾಟಿನಿಂದ ತೆಗೆದು ಕೊಡಬೇಕಾದದ್ದು ನನ್ನ ಗಂಡ ಬರೆದ ಪುಸ್ತಕ. ಬೇರೆ ಯಾವುದನ್ನು ಮುಂದಿಟ್ಟರೂ ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದಲ್ಲ, ನಿಮ್ಮ ಯಜಮಾನರು ಬರೆದದ್ದು ಉಂಟಂತಲ್ಲ, ಅತ್ತೆ ದೋಣಿಯಲ್ಲಿ ಹೋಗುವುದು?” ಎನ್ನುತ್ತಾರೆ. ಆ ಅತ್ತೆ ನನ್ನ ಅಮ್ಮ. ಪುಸ್ತಕವನ್ನು ಕವರಿಗೆ ಹಾಕಿ, ಮುಖಕ್ಕೆ ಒಂದು ನಗೆಯನ್ನೂ ಅಂಟಿಸಿಕೊಂಡು ಕೊಟ್ಟು ಕಳುಹಿಸುತ್ತೇನೆ. ವ್ಯಾಪಾರ ಅಂದರೆ ವ್ಯಾಪಾರ.

ಬಂಟ್ವಾಳದಲ್ಲಿ ಬಸ್ಸು ನಿಲ್ಲುವ ಕಡೆ ಇರುವ ಸಣ್ಣ ಅಂಗಡಿ ನನ್ನದು. ಮುಕ್ಕಾಲು ಪಾಲು ಶಾಲೆಯ ನೋಟ್‌ಬುಕ್ಕು, ಪೆನ್ನು, ಬೈಂಡಿಂಗ್ ಪೇಪರು, ಒಂದು ಜೆರಾಕ್ಸ್ ಮೆಷಿನ್ನು. ಉಳಿದ ಕಾಲು ಪಾಲು ಕತೆ ಪುಸ್ತಕ. ಇಷ್ಟು ವರ್ಷ ಮಾರಿ ನೋಡಿದ ಮೇಲೆ, ಜನ ಇಷ್ಟಪಟ್ಟು ಕೊಳ್ಳುವ ಪುಸ್ತಕಗಳಲ್ಲಿ ಎರಡೇ ಜಾತಿ ಎಂದು ನನಗೆ ಅನಿಸಿದೆ. ಒಂದು, ನಗೆಯ ನೆನಪುಗಳು. ಇವನ್ನು ಹೆಚ್ಚಾಗಿ ಕೆಲಸದಿಂದ ನಿವೃತ್ತರಾದ ಗಂಡಸರು ಬರೆಯುತ್ತಾರೆ. ಮೊದಲ ಸ್ಕೂಟರು, ಹೆಣ್ಣು ನೋಡಲು ಹೋದದ್ದು, ಭಾವನ ಜಿಪುಣತನ, ಹೆಂಡತಿಯ ಅಡುಗೆ, ಅತ್ತೆಯ ಪೆದ್ದುತನ. ಮುಖಪುಟದಲ್ಲಿ ಓಡುತ್ತಿರುವ ಬೊಕ್ಕತಲೆಯ ಗಂಡಸು, ಅವನ ಹಿಂದೆ ಲಟ್ಟಣಿಗೆ ಹಿಡಿದ ಹೆಂಗಸು. ನೀರುದೋಸೆ, ಅಕ್ಕಿಯ ಪುಂಡಿ ಕಡುಬು ತಿಂದು ಬೆಳೆದ ನಮ್ಮ ಊರಿನ ಹೆಂಗಸರ ಕೈಗೆ ಈ ಲಟ್ಟಣಿಗೆ ಎಲ್ಲಿಂದ ಬಂತೋ, ಬರೆದವರನ್ನೇ ಕೇಳಬೇಕು.

ಇನ್ನೊಂದು ಜಾತಿ ಚರಿತ್ರೆಯ ಸಾಹಸದ ಕಾದಂಬರಿಗಳದು. ಕೋಟೆ, ಕುದುರೆ, ಸುರಂಗ, ಹಡಗು, ವಿಷ ಹಾಕುವ ಮಂತ್ರಿ. ಇವಕ್ಕೆ ನಮ್ಮ ಕಡೆ ಮರ್ಯಾದೆ ಕಡಿಮೆ. ಬರೀ ಕಟ್ಟುಕತೆ ಎಂದು ಓದಿದವರೇ ಹೇಳುತ್ತಾರೆ. ಪಾಣೆಮಂಗಳೂರಿನ ಬ್ಯಾರಿ ವ್ಯಾಪಾರಿಯೊಬ್ಬರು ಗಲ್ಫಿನಿಂದ ರಜೆಗೆ ಬಂದಾಗಲೆಲ್ಲ ಇಂಥವನ್ನು ಒಂದು ಕಟ್ಟು ಕೊಂಡುಹೋಗುತ್ತಾರೆ. ಒಮ್ಮೆ ಅವರಿಗೂ ನಗೆಯ ಪುಸ್ತಕ ತೋರಿಸಿದೆ. “ಬೇಡ ಅಕ್ಕ,” ಎಂದರು, “ಅಲ್ಲಿ ರೂಮಿನಲ್ಲಿ ನಗ್ಲಿಕ್ಕೆ ಜನ ಬೇಕಾದಷ್ಟು ಉಂಟು. ನನಗೆ ಕುದುರೆಯೇ ಇರ್ಲಿ.” ಅವರು ಬಂದ ದಿನ ನನಗೆ ಸ್ವಲ್ಪ ಖುಷಿಯಾಗುತ್ತದೆ.

ಸಾಹಸದ ಕಾದಂಬರಿ ಸುಳ್ಳು ಎಂದು ಹೇಳಿಕೊಂಡೇ ಮಾರಾಟವಾಗುತ್ತದೆ. ಆದರೆ ಅದರಲ್ಲಿ ಯುದ್ಧವಾದರೆ ಸತ್ತವರು ಸತ್ತೇ ಇರುತ್ತಾರೆ, ಯಾರಾದರೊಬ್ಬರು ಕುದುರೆ ಇಳಿದು ಅವರ ಹತ್ತಿರ ಕುಳಿತು ಅಳುತ್ತಾರೆ. ನಗೆಯ ನೆನಪುಗಳು ನಡೆದದ್ದು ನಡೆದ ಹಾಗೆ ಎಂದು ಮಾರಾಟವಾಗುತ್ತವೆ, ಅದರಲ್ಲಿ ಯಾರೂ ಸಾಯುವುದೇ ಇಲ್ಲ. ನನಗೆ ಈ ಸಿಟ್ಟು ಯಾಕೆ ಬಂತು ಎಂದು ಹೇಳಬೇಕಾದರೆ ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದ ವರ್ಷ ಹೊಳೆ ಉಕ್ಕಿ ಬಂದ ನೆರೆಯ ಕತೆ ಹೇಳಬೇಕು.

ಆಗ ನಾವು ಬಂಟ್ವಾಳ ಪೇಟೆಯ ಕೆಳಗಿನ ಬೀದಿಯಲ್ಲಿ, ಹೊಳೆಗೆ ಹತ್ತಿರದ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಅಮ್ಮ, ನಾನು, ನನಗಿಂತ ಐದು ವರ್ಷ ಚಿಕ್ಕವಳಾದ ತಂಗಿ. ಅಮ್ಮನಿಗೆ ಪುಸ್ತಕದ ಮರುಳು. ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವವರೊಬ್ಬರಿದ್ದರು. ಅವರಲ್ಲಿದ್ದ ಕುದುರೆ, ಕೋಟೆಗಳೆಲ್ಲ ನಮ್ಮ ಮನೆಗೆ ಬಂದು ಹೋಗಿವೆ. ಊಟವಾದ ಮೇಲೆ ಅಮ್ಮ ನಮಗೆ ಓದಿ ಹೇಳುತ್ತಿದ್ದಳು. ಪುಸ್ತಕ ಇರುವುದು ಕನ್ನಡದಲ್ಲಿ, ನಮ್ಮ ಮನೆಮಾತು ತುಳು. ಶಾಲೆಗೆ ಹೋಗದ ತಂಗಿಗೆ ಕನ್ನಡ ಏನೇನೂ ತಿಳಿಯುತ್ತಿರಲಿಲ್ಲ. ಹಾಗಾಗಿ ಅಮ್ಮನ ಕಣ್ಣು ಕನ್ನಡದ ಸಾಲಿನ ಮೇಲೆ ಓಡುತ್ತಿತ್ತು, ಬಾಯಿಯಿಂದ ಅದು ತುಳುವಾಗಿ ಬರುತ್ತಿತ್ತು. ನಡುವೆ ಒಂದು ಕ್ಷಣವೂ ತಡೆಯುತ್ತಿರಲಿಲ್ಲ. ಸೇನಾಪತಿ ನಮ್ಮ ಪಕ್ಕದ ಮನೆಯವರ ಹಾಗೆ ಮಾತಾಡುತ್ತಿದ್ದ. ನಮ್ಮ ಕಡೆ ಓದುಬಲ್ಲ ಹೆಂಗಸರಿದ್ದ ಎಷ್ಟೋ ಮನೆಗಳಲ್ಲಿ ಮಕ್ಕಳು ಕತೆ ಕೇಳಿದ್ದೇ ಹೀಗೆ.

ಮಳೆಗಾಲದಲ್ಲಿ ಹೊಳೆ ಮೆಟ್ಟಿಲಿನವರೆಗೆ ಬರುವುದು ಪೇಟೆಯವರಿಗೆ ಹೊಸದಲ್ಲ. ಆ ವರ್ಷ ಮಳೆ ಬಿಡದೆ ಹೊಯ್ಯುವ ಆಟಿ ತಿಂಗಳಲ್ಲಿ ಅದು ಮೆಟ್ಟಿಲು ದಾಟಿ ಒಳಗೆ ಬಂತು. ಬೈಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿ ಮುಡಿ, ಪಾತ್ರೆ, ಹಾಸಿಗೆ ಎಲ್ಲವನ್ನೂ ಅಮ್ಮ ಅಟ್ಟಕ್ಕೆ ಸಾಗಿಸಿ ನಮ್ಮನ್ನೂ ಹತ್ತಿಸಿದಳು. ಕೆಳಗೆ ಕತ್ತಲೆಯಲ್ಲಿ ನೀರು ಬಾಗಿಲಿಗೆ ಬಡಿಯುವುದು ಕೇಳುತ್ತಿತ್ತು. ತಂಗಿ ಹೆದರಿ ಅಳುತ್ತಿದ್ದಳು. ಅಮ್ಮ ಚಿಮಿಣಿ ದೀಪ ಹತ್ತಿರ ಎಳೆದುಕೊಂಡು, ಒಂದು ಕಾದಂಬರಿಯ ಎರಡನೆಯ ಸಂಪುಟ ತೆಗೆದು ಓದತೊಡಗಿದಳು. ರಾಜಕುಮಾರನೊಬ್ಬ ಶತ್ರುಗಳಿಂದ ತಪ್ಪಿಸಿಕೊಂಡು ಸುರಂಗ ಹೊಕ್ಕಿದ್ದಾನೆ, ಹಿಂದಿನಿಂದ ಬಾಗಿಲು ಮುಚ್ಚಿಕೊಂಡಿದೆ. ತಂಗಿ ಅಳು ನಿಲ್ಲಿಸಿದಳು. ನೀರಿನ ಸದ್ದು ಜೋರಾದ ಹಾಗೆ ಅಮ್ಮನ ಸ್ವರವೂ ಜೋರಾಗುತ್ತಿತ್ತು.

ಬೆಳಗಾಗುವ ಹೊತ್ತಿಗೆ ದೋಣಿ ಅಟ್ಟದ ಕಿಟಕಿಗೇ ಬಂತು. ದೋಣಿಯವರು ಬೇಗ ಬೇಗ ಎಂದು ಕೂಗುತ್ತಿದ್ದರು. ತಂಗಿ ಅಟ್ಟದ ಕಂಬವನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಎಳೆದರೆ ಕಿರುಚುತ್ತಿದ್ದಳು. ಆಗ ಅಮ್ಮ ಅಕ್ಕಿ ಮುಡಿಯನ್ನು ಅಲ್ಲೇ ಬಿಟ್ಟು ಪುಸ್ತಕ ಎತ್ತಿಕೊಂಡು, “ರಾಜಕುಮಾರ ಹೊರಗೆ ಬರುವುದು ನಾವು ದೋಣಿಯಲ್ಲಿ ಕೂತ ಮೇಲೆಯೇ. ಬರ್ತೀಯಾ, ಇಲ್ಲ ಅವನು ಅಲ್ಲೇ ಇರ್ಲಾ?” ಎಂದು ಕೇಳಿದಳು. ತಂಗಿ ಕಂಬ ಬಿಟ್ಟಳು. ದೋಣಿಯಲ್ಲಿ ಕೊಡೆಯಡಿ ಅವಳನ್ನು ಮಡಿಲಿನಲ್ಲಿ ಕೂರಿಸಿಕೊಂಡು ಅಮ್ಮ ಪುಸ್ತಕ ಬಿಡಿಸಿದಳು. ಆ ಮಳೆಯಲ್ಲಿ, ಆ ಬೆಳಕಿನಲ್ಲಿ ಅಕ್ಷರ ಕಾಣುವ ಹಾಗೆಯೇ ಇರಲಿಲ್ಲ. ಅಮ್ಮ ತನ್ನ ತಲೆಯಿಂದಲೇ ಹೇಳುತ್ತಿದ್ದಳು. ನನಗೆ ಅದು ಗೊತ್ತಾಯಿತು, ತಂಗಿಗೆ ಗೊತ್ತಾಗಲಿಲ್ಲ. ದಡದಲ್ಲಿ ನಿಂತ ಜನ ನೋಡಿದ್ದು ಮಾತ್ರ, ಅಕ್ಕಿ ಬಿಟ್ಟು ಕತೆ ಪುಸ್ತಕ ಹಿಡಿದುಕೊಂಡು ದೋಣಿಯಿಂದ ಇಳಿದ ಹೆಂಗಸನ್ನು. ಅಲ್ಲಿಯೇ ಯಾರೋ ನಕ್ಕರು. ಆ ನಗೆ ಆಮೇಲೆ ಊರಿನಲ್ಲಿ ಉಳಿಯಿತು.

ಶಿರ್ತಾಡಿಯಲ್ಲಿರುವ ಸೋದರಮಾವನ ಮನೆಗೆ ಬಂದೆವು. ಬಂದ ಕೆಲವೇ ದಿನಕ್ಕೆ ತಂಗಿಗೆ ಜ್ವರ ಹಿಡಿಯಿತು. ನೆರೆಯ ನೀರಿನ ಜ್ವರ ಎಂದರು, ಟೈಫಾಯ್ಡ್ ಎಂದರು. ಆಟಿ ಕಳೆದು ಬರುವ ಸೋಣ ತಿಂಗಳು ಮುಗಿಯುವ ಮೊದಲೇ ಹೋಗಿಬಿಟ್ಟಳು. ಅಮ್ಮ ಮತ್ತೆ ಬಂಟ್ವಾಳಕ್ಕೆ ವಾಸಕ್ಕೆ ಬರಲಿಲ್ಲ. ತಂಗಿಯ ಹೆಸರನ್ನು ಅವಳ ಬಾಯಿಂದ ನಾನು ಮತ್ತೆ ಕೇಳಲಿಲ್ಲ. ವರ್ಷಕ್ಕೊಮ್ಮೆ ಆಟಿಯಲ್ಲಿ ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸುವಾಗ ಬದಿಯಲ್ಲಿ ಒಂದು ಸಣ್ಣ ಎಲೆ ಇರುತ್ತದೆ, ಅಷ್ಟೇ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ನಾನು ಗಂಡನಿಗೆ ಹೇಳಿದ್ದೆ. ಅಟ್ಟ, ಕಂಬ, ಸುರಂಗ, ಜ್ವರ, ಒಂದನ್ನೂ ಬಿಡದೆ. ಅವರು ಬೆಳ್ತಂಗಡಿಯವರು, ಬ್ಯಾಂಕಿನಲ್ಲಿ ಕೆಲಸ. ಕೆಟ್ಟ ಮನುಷ್ಯ ಅಲ್ಲ. ಅಂದು ನನ್ನ ಕೈ ಹಿಡಿದುಕೊಂಡು ಕೇಳಿ ಕಣ್ಣು ಒರೆಸಿಕೊಂಡಿದ್ದರು. ಶಿರ್ತಾಡಿಯಲ್ಲಿ ಆ ಸಣ್ಣ ಎಲೆಯನ್ನು ಅವರೂ ಎಷ್ಟೋ ವರ್ಷ ನೋಡಿದ್ದಾರೆ, ಯಾರದ್ದೆಂದು ಅಮ್ಮನೊಡನೆ ಮಾತೆತ್ತದೆ ಅದರ ಮುಂದೆ ಕೈ ಮುಗಿದಿದ್ದಾರೆ. ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದು ಅವರೇ. ಮಂಗಳೂರಿಗೆ ಕರೆದುಕೊಂಡು ಹೋಗಿ, ಆಸ್ಪತ್ರೆಯಲ್ಲಿ ಜೊತೆಗೆ ನಿಂತು, ವಾರವಿಡೀ ಕಣ್ಣಿಗೆ ಮದ್ದು ಬಿಟ್ಟರು. ಅಮ್ಮನಿಗೆ ಅಳಿಯ ಎಂದರೆ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ. ಅದೂ ದೇವರು ಬೇಜಾರು ಮಾಡಿಕೊಳ್ಳಬಾರದು ಎಂದು.

ನಿವೃತ್ತರಾದ ಮೇಲೆ ಅವರಿಗೆ ಹೊತ್ತು ಹೋಗಲಿಲ್ಲ. ಸ್ಥಳೀಯ ಪತ್ರಿಕೆಯೊಂದಕ್ಕೆ ಹಾಸ್ಯ ಬರೆಯಲು ಶುರುಮಾಡಿದರು. ಬಾಯಲ್ಲಿ ಮೊದಲಿಂದಲೂ ತಮಾಷೆ ಇದ್ದವರು, ಬರಹದಲ್ಲೂ ಬಂತು. ನನ್ನ ಸಾರು, ನನ್ನ ಮರೆವು, ನನ್ನ ಸೀರೆ ಎಲ್ಲ ಅಚ್ಚಾಯಿತು. ಬಸ್ಸಿನಲ್ಲಿ ಗುರುತಿಲ್ಲದವರು ಬಂದು, “ಸಾರಿಗೆ ಎರಡು ಸಲ ಉಪ್ಪು ಹಾಕಿದವರು ನೀವೇ ಅಲ್ವಾ?” ಎಂದು ಕೇಳಿದರೂ ಸಹಿಸಿದೆ. ನನ್ನ ಬಗ್ಗೆ ಬರೆದದ್ದಲ್ಲವೇ, ಹೋಗಲಿ. ಪುಸ್ತಕ ಮಾಡುವಾಗ ಅವರು ಹೊಸದಾಗಿ ಒಂದು ಅಧ್ಯಾಯ ಸೇರಿಸಿದರು. ಅಚ್ಚಿಗೆ ಹೋಗುವ ಮೊದಲು ತಪ್ಪು ತಿದ್ದಲು ಕೊಡುವುದು ನನಗೇ, ಅವರಿಗೆ ದೀರ್ಘ ಹ್ರಸ್ವ ನೆಟ್ಟಗೆ ಬರುವುದಿಲ್ಲ. ಹಾಗೆ ತಿದ್ದುತ್ತಾ ತಿದ್ದುತ್ತಾ ನಾನು ಆ ದೋಣಿಯ ಮುಂದೆ ಬಂದು ನಿಂತೆ.

ಅಧ್ಯಾಯದಲ್ಲಿ ಅಮ್ಮ ಇದ್ದಳು, ನೆರೆ ಇತ್ತು, ಎರಡನೆಯ ಸಂಪುಟ ಇತ್ತು. ತಂಗಿ ಇರಲಿಲ್ಲ. ಕತೆಯ ಹುಚ್ಚಿನ ಹೆಂಗಸೊಬ್ಬಳು, ರಾಜಕುಮಾರ ಸುರಂಗದಿಂದ ಹೊರಗೆ ಬಂದನೋ ಇಲ್ಲವೋ ಎಂಬ ಚಿಂತೆಯಲ್ಲಿ, ಮನೆಯ ಅಕ್ಕಿಯನ್ನು ಹೊಳೆಗೆ ಬಿಟ್ಟು ಪುಸ್ತಕ ಹಿಡಿದು ದೋಣಿ ಹತ್ತಿದಳು. ಅಷ್ಟೇ ಕತೆ. ಚೆನ್ನಾಗಿಯೇ ಬರೆದಿದ್ದರು, ಅದೇ ನನಗೆ ಹೆಚ್ಚು ಉರಿಸಿದ್ದು. ಓದುತ್ತಾ ಒಂದು ಕಡೆ ನನಗೇ ನಗು ಬಂತು. ಆ ನಗು ಬಂದದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

“ತಂಗಿ ಎಲ್ಲಿ?” ಎಂದು ಕೇಳಿದೆ.

“ಹಾಸ್ಯದ ಪುಸ್ತಕ ಮಾರಾಯ್ತಿ,” ಎಂದರು. “ಓದುವವ ನಗ್ತಾ ಇರುವಾಗ ಮಧ್ಯದಲ್ಲಿ ಒಂದು ಮಗುವಿನ ಸಾವು ತಂದು ಇಡ್ಲಿಕ್ಕಾಗ್ತದಾ? ಅವಳ ಮೇಲಿನ ಗೌರವದಿಂದಲೇ ನಾನು ಅವಳನ್ನು ತರ್ಲಿಲ್ಲ.”

“ಹಾಗಾದರೆ ಅಮ್ಮನನ್ನೂ ತರಬೇಡಿ. ಇಡೀ ಅಧ್ಯಾಯ ತೆಗೀರಿ.”

“ಅದು ಪುಸ್ತಕದ ಜೀವ. ಅದನ್ನು ತೆಗೆದ್ರೆ ಉಳಿಯುವುದು ಎಂಥ? ನಿನ್ನ ಸಾರು ಮಾತ್ರ.”

ನಾನು ನಗಲಿಲ್ಲ. ಆ ವಾರ ನಮ್ಮ ಮನೆಯಲ್ಲಿ ಬೇಕಾದಷ್ಟೇ ಮಾತು. ಕೊನೆಗೆ ಅವರು ಒಂದು ಮಾತು ಕೊಟ್ಟರು. ಬಿಡುಗಡೆಯ ದಿನ ಒಂದು ಅಧ್ಯಾಯ ಓದಿಸುವ ಕ್ರಮವಿದೆ, ಅದು ಸ್ಕೂಟರಿನ ಅಧ್ಯಾಯವೇ ಆಗುತ್ತದೆ, ದೋಣಿಯದ್ದಲ್ಲ. ನಾನು ಅದಕ್ಕೆ ಒಪ್ಪಿದೆ. ಪುಸ್ತಕವನ್ನು ಊರು ಓದಿ ನಕ್ಕರೆ ನಗಲಿ. ಅಮ್ಮನ ಕಿವಿಗೆ ಆ ಅಧ್ಯಾಯ ಬೀಳಬಾರದು, ನನಗೆ ಬೇಕಾದದ್ದು ಅಷ್ಟೇ. ಅದು ಸಾಧ್ಯವೂ ಇತ್ತು. ಪೊರೆ ತೆಗೆದ ಮೇಲೂ ಅಮ್ಮನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಭಾನುವಾರ ಅಂಗಡಿ ಮುಚ್ಚಿ ನಾನು ಶಿರ್ತಾಡಿಗೆ ಹೋಗಿ, ಅವಳು ಹಿಂದೆ ನಮಗೆ ಹೇಳಿದ ಹಾಗೆಯೇ, ಕನ್ನಡದ ಪುಸ್ತಕ ಹಿಡಿದು ತುಳುವಿನಲ್ಲಿ ಓದಿ ಹೇಳುತ್ತೇನೆ. ಅಳಿಯ ಪುಸ್ತಕ ಬರೆಯುತ್ತಿದ್ದಾನೆಂದು ಕೇಳಿದಂದಿನಿಂದ ಅವಳು ಕಾಯುತ್ತಿದ್ದಳು. “ಕುದುರೆಯೆಲ್ಲ ಸಾಕು ಇನ್ನು,” ಎಂದಿದ್ದಳು, “ಅಳಿಯಂದಿರದ್ದು ಬರ್ಲಿ, ಅದೇ ಓದು.” ಓದುವವಳು ನಾನೇ ಆದ್ದರಿಂದ ಧೈರ್ಯವಿತ್ತು. ದೋಣಿ ಬಂದ ಪುಟಗಳನ್ನು ಹಾರಿಸಿ ಮುಂದೆ ಹೋದರೆ ಅವಳಿಗೆ ತಿಳಿಯುವ ದಾರಿ ಯಾವುದು?

ಬಿಡುಗಡೆ ಮೂಡಬಿದಿರೆಯ ಒಂದು ಸಭಾಂಗಣದಲ್ಲಿ. ನಮ್ಮ ಜಿಲ್ಲೆಯ ಕಾರ್ಯಕ್ರಮ ಹೇಗೆಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ, ವೇದಿಕೆಯಲ್ಲಿ ಇರುವವರಿಗೆಲ್ಲ ಹೂವು, ಪುಸ್ತಕಕ್ಕೆ ಬಣ್ಣದ ಕಾಗದ, ಕಾಗದಕ್ಕೆ ರಿಬ್ಬನ್ನು. ರಿಬ್ಬನ್ನು ಬಿಚ್ಚಲು ಬಾರದೆ ಅಧ್ಯಕ್ಷರು ಹಲ್ಲು ಹಚ್ಚುವುದು. ಅಮ್ಮನನ್ನು ಮೊದಲ ಸಾಲಿನ ನಡುವೆ ಕೂರಿಸಿದ್ದರು. ಹಸಿರು ಅಂಚಿನ ಸೀರೆ ಉಟ್ಟು, ಕೈಚೀಲವನ್ನು ಮಡಿಲಿನಲ್ಲಿ ಎರಡು ಕೈಯಲ್ಲೂ ಹಿಡಿದುಕೊಂಡು, ಬಂದವರಿಗೆಲ್ಲ ತಲೆ ಬಾಗಿಸುತ್ತಿದ್ದಳು. ನಾನು ಪಕ್ಕದಲ್ಲಿದ್ದೆ.

ಅಧ್ಯಾಯ ಓದಲು ಕರೆದದ್ದು ಒಬ್ಬ ನಿವೃತ್ತ ಮೇಷ್ಟ್ರನ್ನು. ಒಳ್ಳೆಯ ಸ್ವರ, ಯಕ್ಷಗಾನದ ಅರ್ಥ ಹೇಳಿ ಪಳಗಿದವರು. ಮೈಕಿನ ಮುಂದೆ ನಿಂತು, “ನನಗೆ ಸ್ಕೂಟರಿನ ಪ್ರಬಂಧ ಓದಲಿಕ್ಕೆ ಹೇಳಿದ್ದಾರೆ,” ಎಂದರು. “ಆದರೆ ಪುಸ್ತಕ ಪೂರ್ತಿ ಓದಿದ ಮೇಲೆ ನನಗೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. ಈ ಪುಸ್ತಕದ ರತ್ನ ಬೇರೆಯೇ ಉಂಟು. ಲೇಖಕರು ಕ್ಷಮಿಸಬೇಕು, ನಾನು ಅದನ್ನೇ ಓದ್ತೇನೆ.” ನಾನು ವೇದಿಕೆಯ ಮೇಲಿದ್ದ ಗಂಡನನ್ನು ನೋಡಿದೆ. ಅವರು ಒಮ್ಮೆ ನನ್ನ ಕಡೆ ನೋಡಿದರು, ಆಮೇಲೆ ಎದುರಿನ ನೀರಿನ ಬಾಟ್ಲಿಯ ಮುಚ್ಚಳ ತಿರುಗಿಸತೊಡಗಿದರು. ಒಂದು ಮಾತು ಹೇಳಿದರೆ ನಿಲ್ಲುತ್ತಿತ್ತು. ಅವರ ಬಾಯಿಂದ ಅದು ಬರಲಿಲ್ಲ.

ಮೇಷ್ಟ್ರು ಓದಿದರು. “ಊರೆಲ್ಲ ನೀರಿನಲ್ಲಿ ಮುಳುಗುತ್ತಿರುವಾಗ ನಮ್ಮ ಅತ್ತೆಯವರು ಮಾತ್ರ ರಾಜಕುಮಾರನ ಚಿಂತೆಯಲ್ಲಿ ಮುಳುಗಿದ್ದರು. ಪಕ್ಕದ ಮನೆಯವರು ಚಿನ್ನ ಹೊತ್ತರು. ಅದರ ಪಕ್ಕದವರು ಹಲಸಿನ ಹಪ್ಪಳದ ಡಬ್ಬಿ ಹೊತ್ತರು. ಅತ್ತೆ ಹೊತ್ತದ್ದು ಎರಡನೆಯ ಸಂಪುಟ. ‘ಅಕ್ಕಿ ಎಲ್ಲಿ ಅಮ್ಮಾ?’ ಎಂದು ದೋಣಿಯವ ಕೇಳಿದ. ‘ಅಕ್ಕಿ ಇರಲಿ, ರಾಜಕುಮಾರ ಇನ್ನೂ ಸುರಂಗದಲ್ಲಿ ಇದ್ದಾನೆ’ ಎಂದರು ಅತ್ತೆ.” ಹಪ್ಪಳಕ್ಕೆ ಒಮ್ಮೆ, ಸುರಂಗಕ್ಕೆ ಒಮ್ಮೆ ಸಭೆ ಬಿದ್ದು ಬಿದ್ದು ನಕ್ಕಿತು. ನಮ್ಮ ಹಿಂದಿನ ಸಾಲಿನ ಹೆಂಗಸೊಬ್ಬರು ನಕ್ಕೂ ನಕ್ಕೂ ಕೆಮ್ಮಿದರು. ಮೇಷ್ಟ್ರು ಪುಸ್ತಕದಲ್ಲಿ ಇಲ್ಲದ ಒಂದೆರಡು ಸಾಲನ್ನೂ ಸೇರಿಸಿ ದೋಣಿಯವನ ಸ್ವರದಲ್ಲಿ ಹೇಳಿದರು.

ಅಮ್ಮ ಅಲುಗಾಡಲಿಲ್ಲ. ಕನ್ನಡ ಅವಳಿಗೆ ಒಂದಕ್ಷರ ಬಿಡದೆ ತಿಳಿಯುತ್ತದೆ. ಓದುತ್ತಾ ಹೋದ ಹಾಗೆ ಅವಳು ಕುತ್ತಿಗೆಯನ್ನು ಸ್ವಲ್ಪ ಮುಂದೆ ಚಾಚಿದ್ದಳು, ಮುಂದೆ ಬರಬೇಕಾದ ಮಾತೊಂದಕ್ಕೆ ಕಾಯುತ್ತಿದ್ದಳು. ಆ ಮಾತು ಬರುವುದಿಲ್ಲ ಎಂದು ಆ ಸಭೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ನನಗೆ ಮತ್ತು ಬಾಟ್ಲಿಯ ಮುಚ್ಚಳ ತಿರುಗಿಸುತ್ತಿದ್ದವರಿಗೆ. ಓದು ಮುಗಿಯಿತು, ಚಪ್ಪಾಳೆ ಬಿತ್ತು. ಅಮ್ಮನ ಕುತ್ತಿಗೆ ಹಾಗೆಯೇ ಇತ್ತು. ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈಚೀಲ ಬಿಡಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ನಮ್ಮ ಊರಿನಲ್ಲಿ ಯಾರಿಗೆ ಏನು ಮಾಡಿದ್ದರೂ ಕೊನೆಗೆ ಒಂದು ಶಾಲು ಹೊದಿಸಿದರೆ ಸರಿಯಾಯಿತು ಎಂಬ ನಂಬಿಕೆ ಇದೆ. ನಿರೂಪಕಿ ಮೈಕಿನಲ್ಲಿ, “ಈಗ ಈ ಕೃತಿಯ ನಿಜವಾದ ನಾಯಕಿಗೆ ಗೌರವಾರ್ಪಣೆ,” ಎಂದು ಅಮ್ಮನನ್ನು ವೇದಿಕೆಗೆ ಕರೆದಳು. ಇದು ನನ್ನ ಗಂಡನ ಯೋಚನೆ. ಆ ಅಧ್ಯಾಯದ ಭಾರ ಅವರಿಗೂ ಒಳಗೊಳಗೆ ಇದ್ದಿರಬೇಕು, ಅದಕ್ಕೆ ಅವರು ಕಂಡುಕೊಂಡ ದಾರಿ ಶಾಲು, ಹಣ್ಣಿನ ಬುಟ್ಟಿ, ಪ್ಲಾಸ್ಟಿಕ್ ಹಾರ. ಅಮ್ಮನನ್ನು ಇಬ್ಬರು ಹಿಡಿದು ಹತ್ತಿಸಿದರು. ಅಳಿಯ ಕಾಲು ಮುಟ್ಟಿ ನಮಸ್ಕರಿಸಿದ್ದಕ್ಕೆ ಮತ್ತೆ ಚಪ್ಪಾಳೆ. ಮೇಷ್ಟ್ರು ಮೈಕನ್ನು ಅಮ್ಮನ ಬಾಯಿಗೆ ಹಿಡಿದು, “ಎರಡು ಮಾತು ಹೇಳಿ ಅಮ್ಮ. ರಾಜಕುಮಾರ ಹೊರಗೆ ಬಂದನಾ ಕೊನೆಗೆ?” ಎಂದು ಕೇಳಿದರು. ಸಭೆ ನಗಲು ತಯಾರಾಗಿ ಕೂತಿತು.

ಈಗ ಹೇಳುತ್ತಾಳೆ ಎಂದುಕೊಂಡೆ. ಹೇಳಲಿ ಎಂದೇ ಬಯಸಿದೆ. ಅಷ್ಟು ಜನರ ಎದುರು ತಂಗಿಯ ಹೆಸರು ಒಂದು ಸಲ ಕೇಳಲಿ, ಆಮೇಲೆ ಚಹಾದ ಜೊತೆ ಕೊಡುವ ಗೋಳಿಬಜೆ ತಿನ್ನಲಿಕ್ಕೆ ಯಾರಿಗೆ ಮನಸ್ಸು ಬರುತ್ತದೆ ನೋಡುವ.

ಅಮ್ಮ ಶಾಲನ್ನು ಸರಿಮಾಡಿಕೊಂಡು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಒಂದೊಂದೇ ಶಬ್ದ ಇಟ್ಟು ಹೇಳಿದಳು: “ನಮ್ಮ ಅಳಿಯಂದಿರು ಚೆನ್ನಾಗಿ ಬರೆದಿದ್ದಾರೆ. ಹೌದು, ನನಗೆ ಆಗ ಕಥೆಯ ಹುಚ್ಚು ಇತ್ತು. ರಾಜಕುಮಾರ ಹೊರಗೆ ಬಂದ. ಎಲ್ಲರಿಗೂ ನಮಸ್ಕಾರ.” ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ನನ್ನ ಗಂಡನ ಮುಖದಲ್ಲಿ ಬಿಗಿ ಸಡಿಲಿದ್ದು ನನಗೆ ಕೆಳಗಿನಿಂದಲೇ ಕಂಡಿತು. ಎಲ್ಲ ಒಳ್ಳೆಯದಾಗಿ ಮುಗಿಯಿತು ಎಂದು ಅವರು ನಂಬಿದರು.

ಅವರು ಪುಸ್ತಕಕ್ಕೆ ಸಹಿ ಹಾಕಲು ನಿಂತರು. ನಾನು ಅಮ್ಮನನ್ನು ರಿಕ್ಷಾದಲ್ಲಿ ಶಿರ್ತಾಡಿಗೆ ಕರೆದುಕೊಂಡು ಹೊರಟೆ. ಹಣ್ಣಿನ ಬುಟ್ಟಿ ನಮ್ಮಿಬ್ಬರ ನಡುವೆ ಇತ್ತು. ರಿಕ್ಷಾ ಪೇಟೆ ದಾಟಿತು. ನನಗೇ ತಡೆಯಲಾಗಲಿಲ್ಲ.

“ಯಾಕಮ್ಮ ಹಾಗೆ ಹೇಳಿದ್ದು? ನಡೆದದ್ದನ್ನು ಹೇಳ್ಬಹುದಿತ್ತಲ್ಲ?”

“ಅಷ್ಟು ಜನ ನಗುವ ಕಡೆಗೆ ಮಗುವನ್ನು ಕರ್ಕೊಂಡು ಹೋಗ್ತಾರಾ?” ಎಂದಳು ಅಮ್ಮ.

ಹಣ್ಣಿನ ಬುಟ್ಟಿ ಜಾರದ ಹಾಗೆ ಹಿಡಿದುಕೊಂಡು ಅವಳೇ ಕೇಳಿದಳು. “ಅಳಿಯಂದಿರಿಗೆ ಅವಳ ವಿಷಯ ಗೊತ್ತಿಲ್ಲ ಅಲ್ವಾ?”

ಗೊತ್ತುಂಟು ಎಂದರೆ, ಎಲ್ಲ ಗೊತ್ತಿದ್ದೂ ಅವಳನ್ನು ದೋಣಿಯಿಂದ ಇಳಿಸಿದ್ದಾರೆ ಎಂದು ಹೇಳಿದ ಹಾಗೆ. ಕಣ್ಣಿಗೆ ಮದ್ದು ಬಿಟ್ಟ ಕೈಯೇ ಇದನ್ನು ಮಾಡಿದ್ದು ಎಂದು ಎಂಬತ್ತು ದಾಟಿದವಳಿಗೆ ಯಾವ ಬಾಯಲ್ಲಿ ಹೇಳಲಿ? ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ನಾನು ಹೊರಗೆ ನೋಡುತ್ತಾ ಕುಳಿತೆ. ಅಮ್ಮ ನನ್ನ ಮೌನವನ್ನು ತನ್ನ ಲೆಕ್ಕದಲ್ಲಿ ಅರ್ಥಮಾಡಿಕೊಂಡಳು.

“ನೀನು ಹೇಳಿರ್ಲಿಕ್ಕಿಲ್ಲ,” ಎಂದಳು. “ಸಣ್ಣದರಲ್ಲಿ ಹೋದ ತಂಗಿ, ನಿನಗಾದರೂ ಎಷ್ಟು ನೆನಪು ಇರ್ತದೆ. ಸರಿಯಾಗಿ ನೆನಪಿದ್ದಿದ್ರೆ ನೀನು ಅವರಿಗೆ ಹೇಳ್ತಿದ್ದೆ. ಅವರು ಗೊತ್ತಿದ್ದು ಬಿಡುವ ಜನ ಅಲ್ಲ.” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನನ್ನ ಮೊಣಕಾಲಿನ ಮೇಲೆ ಒಮ್ಮೆ ಕೈ ಇಟ್ಟು ತೆಗೆದಳು. ತಂಗಿಯನ್ನು ಮರೆತದ್ದಕ್ಕೆ ನನ್ನನ್ನು ಕ್ಷಮಿಸಿದ್ದಳು.

ರಾತ್ರಿ ಮನೆಗೆ ಬಂದ ಗಂಡ ಗೆದ್ದವರ ಹಾಗೆ ಚಪ್ಪಲಿ ಬಿಚ್ಚಿದರು. “ನೋಡಿದ್ಯಾ? ನೀನು ಸುಮ್ಮನೆ ಹೆದರಿದ್ದು. ಅತ್ತೆ ಎಷ್ಟು ಚೆನ್ನಾಗಿ ತೆಗೊಂಡ್ರು.” ರಿಕ್ಷಾದಲ್ಲಿ ನಡೆದ ಮಾತನ್ನು ನಾನು ಹೇಳಿದೆ. ಅವರು ಕುರ್ಚಿಯಲ್ಲಿ ಕುಳಿತರು. ಆಮೇಲೆ, “ಹಾಗೆಯೇ ಇರ್ಲಿ ಅಲ್ವಾ ಈಗ?” ಎಂದರು. “ಈ ವಯಸ್ಸಿನಲ್ಲಿ ಅವರಿಗೆ ಯಾಕೆ ಬೇಜಾರು ಮಾಡುದು.” ಅಮ್ಮನ ಬೇಜಾರಿನ ಬಗ್ಗೆ ಅವರಿಗೆ ಅಷ್ಟು ಕಾಳಜಿ. ಅಂದು ರಾತ್ರಿ ನಾನು ಅವರಿಗೆ ಊಟ ಬಡಿಸಲಿಲ್ಲ, ಅವರು ತಾವೇ ಬಡಿಸಿಕೊಂಡು ತಿಂದರು. ಮುಂದಿನ ಪುಸ್ತಕದಲ್ಲಿ ಅದೂ ಬರಬಹುದು.

ಪುಸ್ತಕ ಎರ್ರಾಬಿರ್ರಿ ಓಡಿತು. ಪೊಳಲಿಯಲ್ಲಿ ಒಂದು ಮದುವೆಗೆ ಹೋದರೆ ಅಲ್ಲಿ ಬಂದವರಿಗೆಲ್ಲ ತೆಂಗಿನಕಾಯಿಯ ಬದಲು ಅದನ್ನೇ ಹಂಚುತ್ತಿದ್ದರು. ಮರುಮುದ್ರಣಕ್ಕೆ ತಿದ್ದಲು ಕೊಟ್ಟಾಗ ನಾನು ಒಂದೇ ಒಂದು ಸಾಲು ಸೇರಿಸಿ ಕೊಟ್ಟೆ, ದೋಣಿಯಲ್ಲಿ ಒಂದು ಮಗು ಇತ್ತು ಎಂದು. ಅಚ್ಚಾಗಿ ಬಂದಾಗ ನೋಡಿದರೆ ಆ ಸಾಲು ಇರಲಿಲ್ಲ. ಪುಟ ಹೆಚ್ಚಾಗುತ್ತದೆ ಎಂದು ಪ್ರಕಾಶಕರು ತೆಗೆದದ್ದಂತೆ. ಹಾಗೆಂದು ನನ್ನ ಗಂಡ ಹೇಳಿದರು.

ಭಾನುವಾರ ನಾನು ಈಗಲೂ ಶಿರ್ತಾಡಿಗೆ ಹೋಗುತ್ತೇನೆ. ಚೀಲದಲ್ಲಿ ಕೋಟೆ, ಕುದುರೆಯ ಹೊಸ ಕಾದಂಬರಿ ಇರುತ್ತದೆ. ಅಮ್ಮ ಓದಲು ಹೇಳುವುದಿಲ್ಲ. ಪುಸ್ತಕವನ್ನು ತೆಗೆದುಕೊಂಡು ಬದಿಗಿಟ್ಟು ಮಾತಿಗೆ ಕೂರುತ್ತಾಳೆ. ಐವತ್ತು ವರ್ಷ ಬಾಯಿ ಬಿಡದವಳು ಈಗ ತಂಗಿಯ ವಿಷಯ ಹೇಳುತ್ತಾಳೆ. ಗುರುತಿಲ್ಲದವರಿಗೆ ಹೇಳುವ ಹಾಗೆ, ಮೊದಲಿಂದ. ಅವಳ ಬಣ್ಣ ಹೇಗಿತ್ತು, ತೊದಲಿದ್ದು ಯಾವ ಅಕ್ಷರಕ್ಕೆ, ಬಸಳೆ ಕಂಡರೆ ಹೇಗೆ ಮುಖ ತಿರುಗಿಸುತ್ತಿದ್ದಳು. ಎಲ್ಲವೂ ನನಗೆ ಗೊತ್ತಿರುವುದೇ, ಅಮ್ಮ ಮರೆತಿರುವುದೂ ನನಗೆ ಗೊತ್ತಿದೆ. ಗೊತ್ತುಂಟು ಎಂದು ನಾನು ಹೇಳುವ ಹಾಗಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ, ಹಾಗಾದರೆ ಅಳಿಯಂದಿರಿಗೆ ಯಾಕೆ ಹೇಳಲಿಲ್ಲ?

ಕಳೆದ ವಾರ ನನ್ನ ತಲೆಗೆ ಎಣ್ಣೆ ಹಾಕುತ್ತಾ ಅಮ್ಮ ಹೇಳಿದಳು: “ಅವಳಿಗೆ ನಿನ್ನ ಮೈಗೆ ಅಂಟಿ ಮಲಗಿದ್ರೆ ಮಾತ್ರ ನಿದ್ದೆ. ನಾನು ಎಳೆದು ಆಚೆ ಮಲಗಿಸಿದ್ರೂ ಉರುಳಿಕೊಂಡು ನಿನ್ನ ಹತ್ತಿರವೇ ಬರ್ತಿದ್ಲು. ನಿನಗೆ ನೆನಪಿರ್ಲಿಕ್ಕಿಲ್ಲ.”

“ಇಲ್ಲಮ್ಮ,” ಎಂದೆ. “ಹೇಳು.”